ಇಪ್ಪತ್ತೆರಡು ಚುಕ್ಕೆ ಓಡಿಸುವ ಇನ್‌ಸ್ಟಾಲಕ್ಕ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ತರಬೇತಿ ಕೇಂದ್ರದ ಮೂರನೇ ಮಹಡಿಯ ಕಂಪ್ಯೂಟರ್ ಕೋಣೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹತ್ತಿಕೊಳ್ಳುತ್ತದೆ. ಐವತ್ತನಾಲ್ಕು ಮೆಟ್ಟಿಲು ಹತ್ತಿ ಬಂದ ಹೆಂಗಸೊಬ್ಬರು ಚೀಲವನ್ನು ಕಿಟಕಿಯ ಬಳಿ ಇಟ್ಟು, ಮೊಣಕಾಲು ಒಮ್ಮೆ ನೀವಿಕೊಂಡು, ನೇರ ಹತ್ತೊಂಬತ್ತನೇ ನಂಬರಿನ ಕಂಪ್ಯೂಟರಿನ ಮುಂದೆ ಹೋಗಿ ಕೂರುತ್ತಾರೆ. ಕೋಣೆಯ ಇಪ್ಪತ್ತೆರಡರಲ್ಲಿ ಅತಿ ಹಳೆಯದು, ಅತಿ ಮೊಂಡು ಅದೇ. "ಇವನು ಎದ್ದ ಅಂದ್ರೆ ಉಳಿದವರೆಲ್ಲ ಎದ್ದ ಹಾಗೆ" ಎನ್ನುತ್ತಾರೆ, ಗೊರಗೊರ ಎನ್ನುವ ಯಂತ್ರದ ಬೆನ್ನು ತಟ್ಟುತ್ತಾ.

ಅವನು ಏಳುತ್ತಾನೆ. ಆದರೆ ಪರದೆಯ ಮೇಲೆ ಇರಬೇಕಾದ ಖಾಲಿ ಚೌಕಗಳ ಹಾಳೆ ಇಲ್ಲ. ಅದರ ಜಾಗದಲ್ಲಿ ಹೊಸದೊಂದು ನೀಲಿ ಪರದೆ ಇ-ಮೇಲ್ ವಿಳಾಸ ಕೇಳುತ್ತಿದೆ, ಪಾಸ್‌ವರ್ಡ್ ಕೇಳುತ್ತಿದೆ. ಅವರ ಕೈ ಮೌಸಿನ ಮೇಲೆ ಹಾಗೇ ನಿಲ್ಲುತ್ತದೆ. ಏಳನೆಯದನ್ನು ನೋಡುತ್ತಾರೆ, ಹನ್ನೆರಡನೆಯದನ್ನು ನೋಡುತ್ತಾರೆ. ಎಲ್ಲ ಕಡೆಯೂ ಅದೇ ನೀಲಿ. ಶನಿವಾರ ಯಾರೋ ಯಂತ್ರಗಳನ್ನು ಆರಿಸದೆ ಹೋಗಿದ್ದಾರೆ. ರಜೆಯ ದಿನ ಯಾರ ಅಪ್ಪಣೆಗೂ ಕಾಯದೆ ಆಟ ಬರೆಯುವ ತಂತ್ರಾಂಶ ತನಗೆ ತಾನೇ ಹೊಸ ರೂಪ ತಾಳಿದೆ. "ಹೋಯ್ತು" ಎಂದಷ್ಟೇ ಹೇಳಿ ಅವರು ಸೆರಗು ಸಿಕ್ಕಿಸಿಕೊಳ್ಳುತ್ತಾರೆ.

ಒಂಬತ್ತು ಗಂಟೆಗೆ ಈ ಕೋಣೆಗೆ ಇಪ್ಪತ್ತೆರಡು ಜನ ಬರುತ್ತಾರೆ. ಅಂಗೈಯಲ್ಲಿ ಹಿಡಿದು ಆಡುವ ಪುಟ್ಟ ಗೇಮ್ ಯಂತ್ರಕ್ಕೆ ತಾವೇ ಆಟ ಬರೆಯುವುದನ್ನು ಕಲಿಯುವವರು. ಕಂಪ್ಯೂಟರಿನಲ್ಲಿ ಅರ್ಜಿ ತುಂಬುವುದು ಬಿಟ್ಟು ಬೇರೇನೂ ಮಾಡಿ ಗೊತ್ತಿಲ್ಲದವರೇ ಹೆಚ್ಚು. ಅವರಿಗೆ ಪಾಠ ಹೇಳಲು ಮೇಷ್ಟ್ರು ಇದ್ದಾರೆ. ಆದರೆ ಆಟ ಬರೆಯುವ ಯಾವ ತಂತ್ರಾಂಶ, ಅಂದರೆ ಯಾವ ಸಾಧನ, ಹೊಸಬರ ಕೈಗೆ ಒಗ್ಗುತ್ತದೆ ಎಂದು ಹುಡುಕುವುದು, ಅದನ್ನು ಇಪ್ಪತ್ತೆರಡು ಕಡೆ ಕೂರಿಸುವುದು, ಕೂತದ್ದು ಅಲ್ಲಾಡದಂತೆ ಕಾಯುವುದು ಈ ಲ್ಯಾಬ್ ಸಹಾಯಕಿಯ ಕೆಲಸ. ನಲವತ್ತೇಳು ವಯಸ್ಸು, ಇಲ್ಲಿ ಹನ್ನೊಂದನೇ ವರ್ಷ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದ್ದರೂ ಕಟ್ಟಡದಲ್ಲಿ ಎಲ್ಲರಿಗೂ ಅವರು ಇನ್‌ಸ್ಟಾಲಕ್ಕ. "ಮೊದಮೊದಲು ಸಿಟ್ಟು ಬರ್ತಿತ್ತು. ಈಗ ಯಾರಾದ್ರೂ ನನ್ನ ಹೆಸರು ಹಿಡಿದು ಕರೆದ್ರೆ ನಾನೇ ತಿರುಗಿ ನೋಡಲ್ಲ."

ಈ ಸಲದ ತರಗತಿಯ ಮೇಲೆ ಒಂದು ಕರಾರು ತೂಗುತ್ತಿದೆ. ಆಟ ತಯಾರಿಸುವ ದೊಡ್ಡ ಕಂಪನಿಗಳು ಬಳಸುವ ಭಾರೀ ಸಾಧನವನ್ನೇ ಕಲಿಸಬೇಕು ಎಂಬುದು ಮೇಷ್ಟ್ರ ಹಟ. ಅವರದೂ ತಪ್ಪಲ್ಲ. "ನಾಳೆ ಕೆಲಸ ಕೇಳೋಕೆ ಹೋದಾಗ ಆಟದ ಸಾಮಾನು ತೋರಿಸೋಕಾಗತ್ತಾ ಅಕ್ಕಾ?" ಎಂದು ಅವರು ಕೇಳುತ್ತಾರೆ. ಆದರೆ ಅದು ಇಲ್ಲಿನ ಹನ್ನೊಂದು ಹಳೆಯ ಕಂಪ್ಯೂಟರುಗಳ ಮೇಲೆ ತೆರೆದುಕೊಳ್ಳುವುದೇ ಇಲ್ಲ. ಅಂದರೆ ಹನ್ನೊಂದು ಕುರ್ಚಿ ಖಾಲಿ ಮಾಡಬೇಕು, ಹನ್ನೊಂದು ಜನರನ್ನು ಮನೆಗೆ ಕಳಿಸಬೇಕು. ಇನ್‌ಸ್ಟಾಲಕ್ಕ ಆರಿಸಿದ ಪುಟ್ಟ ಸಾಧನವಾದರೆ ಎಲ್ಲರಿಗೂ ಜಾಗವಿದೆ. ಕಡೆಗೆ ಒಪ್ಪಂದ ಹೀಗಾಯಿತು: ಮೊದಲ ದಿನ ಹನ್ನೊಂದು ಗಂಟೆಯ ಚಹಾದೊಳಗೆ ಇಪ್ಪತ್ತೆರಡು ಜನರ ಕೈಯಲ್ಲೂ, ಗೇಮ್ ಯಂತ್ರದ ಪರದೆಯ ಮೇಲೆ, ಅವರವರೇ ಬರೆದ ಚುಕ್ಕೆ ಓಡಬೇಕು. ಒಬ್ಬರದು ನಿಂತರೂ ಮೇಷ್ಟ್ರ ಮಾತೇ ನಡೆಯುತ್ತದೆ.

ಆ ಪುಟ್ಟ ಸಾಧನವನ್ನು ಅವರು ಆರಿಸಿದ್ದು ಅಡುಗೆಮನೆಯಲ್ಲಿ. ಪರೀಕ್ಷೆ ಮಾಡಿದ್ದು ತಮ್ಮ ತಾಯಿಯ ಮೇಲೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅಂಗಿಗೆ ಗುಂಡಿ ಹೊಲಿದ ಆ ಎಪ್ಪತ್ತೆರಡರ ತಾಯಿಗೆ ತಾಳ್ಮೆ ಎಂಬುದು ನಿವೃತ್ತಿಗೂ ಮೊದಲೇ ಮುಗಿದಿದೆ. "ಅಮ್ಮ ಬೈಯೋಕೆ ಶುರು ಮಾಡೋ ಮುಂಚೆ ಚುಕ್ಕೆ ಓಡಿದ್ರೆ ಪಾಸು" ಎನ್ನುತ್ತಾರೆ ಮಗಳು. ಮೊದಲನೆಯ ಸಾಧನ ಇ-ಮೇಲ್ ಕೇಳಿತು, ಫೋನಿಗೆ ಅಂಕಿ ಕಳಿಸಿತು, ಹುಟ್ಟಿದ ದಿನಾಂಕ ಕೇಳಿತು. "ಆಟ ಆಡಿಸ್ತಾನೋ, ಸಂಬಂಧ ನೋಡೋಕೆ ಬಂದಿದಾನೋ?" ಎಂದು ತಾಯಿ ಎದ್ದೇ ಹೋದರು. ಎರಡನೆಯದರ ಹಸಿರು ಪಟ್ಟಿ ಶೇಕಡಾ ತೊಂಬತ್ತಮೂರಕ್ಕೆ ಬಂದು ಕೂತುಬಿಟ್ಟಿತು. ಅಷ್ಟರಲ್ಲಿ ತಾಯಿ ಪಾತ್ರೆಯನ್ನೆಲ್ಲ ತೊಳೆದಿಟ್ಟರು. ಮೂರನೆಯದು ಏನನ್ನೂ ಕೇಳಲಿಲ್ಲ. ಖಾಲಿ ಚೌಕಗಳ ಹಾಳೆ ತೆರೆಯಿತು. ತಾಯಿ ಒಂದೊಂದೇ ಚೌಕ ತುಂಬಿ ನಾಲ್ಕು ತೂತಿನ ಅಂಗಿಗುಂಡಿ ಬರೆದರು. ಮಗಳು ಹೇಳಿದ ಎರಡು ಸಾಲು ಬರೆದು, ಕೇಬಲ್ಲಿನ ಮೂಲಕ ಗೇಮ್ ಯಂತ್ರಕ್ಕೆ ಕಳಿಸಿ, ಬಲಗಡೆಯ ಬಾಣ ಒತ್ತಿದರು. ಗುಂಡಿ ಬಲಕ್ಕೆ ಓಡಿತು, ಓಡಿ ಪರದೆಯ ಅಂಚು ದಾಟಿ ಮಾಯವಾಯಿತು.

"ಎಲ್ಲಿ ಹೋಯ್ತೇ ನನ್ನ ಗುಂಡಿ?"

"ಆಚೆ ಹೋಯ್ತಮ್ಮ."

"ಆಚೆ ಅಂದ್ರೆ ಎಲ್ಲಿ? ವಾಪಸ್ ತರಿಸು."

ಮಗಳಿಗೆ ಅದು ಬರುವುದಿಲ್ಲ. ಆದರೆ ಹನ್ನೊಂದು ನಿಮಿಷದಲ್ಲಿ, ಒಂದೂ ಬೈಗುಳವಿಲ್ಲದೆ ಚುಕ್ಕೆ ಓಡಿತ್ತಲ್ಲ, ಸಾಧನ ಪಾಸಾಯಿತು.

ಈಗ ಕೋಣೆಯಲ್ಲಿ ಆರೂಕಾಲು. ಇನ್‌ಸ್ಟಾಲಕ್ಕ ಮೊದಲು ಗೋಡೆಯ ಪೆಟ್ಟಿಗೆಯಿಂದ ಇಂಟರ್ನೆಟ್ಟಿನ ತಂತಿಯನ್ನು ಕಿತ್ತು ಹಾಕುತ್ತಾರೆ, ಮತ್ತೆ ಯಾವುದೂ ತಾನಾಗಿ ಬದಲಾಗದಿರಲಿ ಎಂದು. ಚೀಲದ ಒಳಜೇಬಿನಿಂದ ನಾಲ್ಕು ಪೆನ್‌ಡ್ರೈವ್ ಹೊರಬರುತ್ತವೆ. ಕೆಲಸ ಮಾಡಿದ ಹಳೆಯ ಆವೃತ್ತಿಯನ್ನು ಅವರು ಎಂದೂ ಎಸೆಯುವವರಲ್ಲ. ಹೊಸದನ್ನು ತೆಗೆಯಬೇಕು, ಹಳೆಯದನ್ನು ಕೂರಿಸಬೇಕು, ಪರೀಕ್ಷಿಸಬೇಕು. ಗಟ್ಟಿ ಕಂಪ್ಯೂಟರಿಗೆ ಎಂಟು ನಿಮಿಷ, ಮುದಿಯವಕ್ಕೆ ಹದಿನೈದು. ಒಂದಾದ ಮೇಲೊಂದು ಮಾಡಿದರೆ ಹತ್ತೂವರೆಯೇ ಆಗುತ್ತದೆ. ಅದಕ್ಕೆ ನಾಲ್ಕು ಕಡೆ ಒಟ್ಟಿಗೆ ಹಚ್ಚಿ, ಒಂದು ಮುಗಿಯುವಷ್ಟರಲ್ಲಿ ಇನ್ನೊಂದರ ಬಳಿ ಓಡುತ್ತಾರೆ. ಫ್ಲಾಸ್ಕಿನ ಚಹಾ ಮುಚ್ಚಳದಲ್ಲೇ ಆರಿ ತಣ್ಣಗಾಗುತ್ತದೆ.

ಪ್ರತಿ ಯಂತ್ರದ ಮುಂದೆಯೂ ಕಡೆಯಲ್ಲಿ ಅವರು ಒಂದೇ ಕೆಲಸ ಮಾಡುತ್ತಾರೆ. ತಮ್ಮ ಹೆಸರಿನ ಲಾಗಿನ್‌ನಿಂದ ಹೊರಬಂದು, ಕಲಿಯುವವರ ಹೆಸರಿನಲ್ಲಿ ಒಳಹೋಗಿ, ಏನೂ ಗೊತ್ತಿಲ್ಲದವರಂತೆ ಕುರ್ಚಿಯ ತುದಿಯಲ್ಲಿ ಕೂತು ಒಂದು ಚುಕ್ಕೆ ಬರೆಯುತ್ತಾರೆ. ಅದಕ್ಕೆ ಕಾರಣವಿದೆ. ನಾಲ್ಕು ವರ್ಷದ ಹಿಂದೆ ಎಲ್ಲವನ್ನೂ ತಮ್ಮ ಹೆಸರಿನಲ್ಲೇ ಕೂರಿಸಿ, ತಮ್ಮ ಹೆಸರಿನಲ್ಲೇ ಪರೀಕ್ಷಿಸಿ, ನೆಮ್ಮದಿಯಾಗಿ ಮನೆಗೆ ಹೋಗಿದ್ದರು. ಮರುದಿನ ಬೆಳಿಗ್ಗೆ ಕಲಿಯುವವರು ತಮ್ಮ ಹೆಸರಿನಲ್ಲಿ ಒಳಬಂದಾಗ ಪರದೆಯ ಮೇಲೆ ಏನೂ ಇರಲಿಲ್ಲ. ಸರಿಪಡಿಸುವ ಹೊತ್ತಿಗೆ ಅರ್ಧ ದಿನ ಕಳೆದಿತ್ತು. ಲಾಂಡ್ರಿಯಲ್ಲಿ ರಜೆ ಹಾಕಿ ಬಂದಿದ್ದ ಒಬ್ಬಾಕೆ ಹತ್ತನೇ ಕುರ್ಚಿಯಲ್ಲಿ ಕೂತು ಕೂತು, "ಇದು ನಮ್ಮಂಥವರಿಗಲ್ಲ ಬಿಡಿ" ಎಂದು ಎದ್ದು ಹೋದವರು ಮತ್ತೆ ಬರಲಿಲ್ಲ. "ತಪ್ಪು ನಂದು. ಆದ್ರೆ ಆಕೆ ತನಗೆ ಬರಲ್ಲ ಅಂದ್ಕೊಂಡು ಹೋದ್ಲಲ್ಲ."

ಪ್ರತಿ ಕೇಬಲ್ಲಿನ ಕುತ್ತಿಗೆಗೂ ಒಂದು ಸುತ್ತು ಕೆಂಪು ದಾರ ಇದೆ. ನೋಡಲು ಎಲ್ಲ ಕೇಬಲ್ಲೂ ಒಂದೇ. ಕೆಲವು ಚಾರ್ಜು ಮಾತ್ರ ಮಾಡುತ್ತವೆ, ಬರೆದದ್ದನ್ನು ದಾಟಿಸುವುದಿಲ್ಲ. ದಾಟಿಸುವಂಥವಕ್ಕೆ ತಾಯಿ ಗುಂಡಿ ಹೊಲಿಯುವ ದಾರದಲ್ಲಿ ಗಂಟು ಹಾಕಿಕೊಟ್ಟಿದ್ದಾರೆ. "ಹಲ್ಲಲ್ಲಿ ಕಚ್ಚಿದ್ರೂ ಬಿಚ್ಚಲ್ಲ ಆ ಗಂಟು."

ಎಂಟೂ ಐವತ್ತೈದಕ್ಕೆ ಹತ್ತೊಂಬತ್ತನೆಯದರ ಮೇಲೆ ಕೊನೆಯ ಚುಕ್ಕೆ ಓಡುತ್ತದೆ. ಐದು ನಿಮಿಷದಲ್ಲಿ ಕೋಣೆ ತುಂಬುತ್ತದೆ. ಇನ್‌ಸ್ಟಾಲಕ್ಕ ಹಿಂದಿನ ಗೋಡೆಗೆ ಆನಿಸಿದ ಸ್ಟೂಲಿನ ಮೇಲೆ ಕೂರುತ್ತಾರೆ. ಪಾಠ ನಡೆಯುವಾಗ ಸಹಾಯಕರು ಬಾಯಿ ಹಾಕುವಂತಿಲ್ಲ, ಅದು ಇಲ್ಲಿನ ನಿಯಮ. ಮೇಷ್ಟ್ರು ಬೋರ್ಡಿನ ಮೂಲೆಯಲ್ಲಿ ಮುಂದಿನ ವಾರದ ಪಾಠವೆಂದು ತಮ್ಮ ದೊಡ್ಡ ಸಾಧನದ ಹೆಸರನ್ನು ಆಗಲೇ ಬರೆದಿದ್ದಾರೆ. ಅದನ್ನು ನೋಡಬಾರದೆಂದು ಇನ್‌ಸ್ಟಾಲಕ್ಕ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ.

ಹತ್ತೂವರೆಗೆ ಮೊದಲ ಚುಕ್ಕೆ ಓಡುತ್ತದೆ, ಒಬ್ಬ ದಾದಿಯದು. ಆಮೇಲೆ ಅಲ್ಲೊಂದು ಇಲ್ಲೊಂದು ಕೂಗು. ಹತ್ತೂ ಐವತ್ತಕ್ಕೆ ಇಪ್ಪತ್ತೊಂದು. ಉಳಿದದ್ದು ಹತ್ತೊಂಬತ್ತನೇ ಕುರ್ಚಿಯ ಬಸ್ ಕಂಡಕ್ಟರು.

"ಸರ್, ಎಲ್ಲರದೂ ಹೊರಟುಹೋಯ್ತು. ನಂದು ಮಾತ್ರ ಸ್ಟಾಪಲ್ಲೇ ನಿಂತಿದೆ."

ಎಲ್ಲರೂ ನಗುತ್ತಾರೆ. ಮೇಷ್ಟ್ರು ಬಂದು ಅವರು ಬರೆದ ಸಾಲುಗಳನ್ನು ಓದುತ್ತಾರೆ. ತಪ್ಪಿಲ್ಲ. ಮತ್ತೆ ಕಳಿಸುತ್ತಾರೆ. ಗೇಮ್ ಯಂತ್ರದ ಪರದೆ ಕಪ್ಪಾಗಿಯೇ ಇದೆ. ಗಡಿಯಾರ ನೋಡುತ್ತಾರೆ. ಇನ್‌ಸ್ಟಾಲಕ್ಕನ ಕಣ್ಣು ಪರದೆಯ ಮೇಲಿಲ್ಲ, ಮೇಜಿನ ಅಂಚಿನ ಮೇಲಿದೆ. ಅಲ್ಲಿ ಇಳಿಬಿದ್ದ ಕೇಬಲ್ಲಿನ ಕುತ್ತಿಗೆ ಬೋಳು.

ನಿಯಮ ಮುರಿದು ಅವರು ಎದ್ದು ಬರುತ್ತಾರೆ. "ಅಣ್ಣಾ, ಈ ತಂತಿ ಯಾರದು?"

"ನಂದೇ ಅಕ್ಕಾ. ಫೋನಿಂದು. ನಿಮ್ಮದು ಗಿಡ್ಡ ಇತ್ತು, ಜಗ್ತಿತ್ತು. ಅದಕ್ಕೆ ನಂದು ಹಾಕ್ಕೊಂಡೆ."

ಇನ್‌ಸ್ಟಾಲಕ್ಕ ಮೇಜಿನಡಿ ಬಗ್ಗಿ, ಕೆಂಪು ದಾರದ ಕೇಬಲ್ಲನ್ನು ಹುಡುಕಿ ಚುಚ್ಚುತ್ತಾರೆ. ಕಂಡಕ್ಟರು ಮತ್ತೆ ಕಳಿಸಿ ಬಾಣ ಒತ್ತುತ್ತಾರೆ. ಚುಕ್ಕೆ ಓಡುತ್ತದೆ.

"ಹೊರಡ್ತು ನೋಡಿ! ಟಿಕೆಟ್ ಯಾರಿಗೆ?"

ಹತ್ತೂ ಐವತ್ತೇಳು. ಮೇಷ್ಟ್ರು ಬೋರ್ಡಿನ ಬಳಿ ಹೋಗಿ ಮೂಲೆಯ ಹೆಸರನ್ನು ಒರೆಸುತ್ತಾರೆ. ಚಹಾಕ್ಕೆ ಹೊರಡುವಾಗ ಸ್ಟೂಲಿನ ಬಳಿ ನಿಂತು, "ಇದೇ ಇರ್ಲಿ ಅಕ್ಕಾ. ಎಲ್ಲರೂ ಇರ್ಲಿ" ಎನ್ನುತ್ತಾರೆ. ಬೆಳಿಗ್ಗೆ ಏನಾಗಿತ್ತೆಂದು ಅವರಿಗೆ ಗೊತ್ತಿಲ್ಲ, ಇವರೂ ಹೇಳುವುದಿಲ್ಲ. "ಇನ್‌ಸ್ಟಾಲ್ ಸರಿಯಾಗಿ ಆದ್ರೆ ಯಾರ ಕಣ್ಣಿಗೂ ಬೀಳಲ್ಲ. ಬಿದ್ರೆ ಸರಿಯಾಗಿಲ್ಲ ಅಂತಲೇ ಅರ್ಥ."

ಕೋಣೆ ಖಾಲಿಯಾದ ಮೇಲೆ ಅವರು ತಣ್ಣನೆಯ ಚಹಾ ಕುಡಿದು ಮುಗಿಸುತ್ತಾರೆ. ಮಧ್ಯಾಹ್ನ ಕೆಳಗಿನ ಮಹಡಿಯಲ್ಲಿ ಹದಿನಾರು ಯಂತ್ರಗಳು ಕಾದಿವೆ. ಇಷ್ಟು ವರ್ಷದಲ್ಲಿ ಸಾವಿರಾರು ಚುಕ್ಕೆ ಓಡಿಸಿದ್ದರೂ ಚುಕ್ಕೆಯ ಮುಂದಿನ ಪಾಠ ಅವರಿಗೆ ಬಾರದು. ಅಂಚಿಗೆ ಬಂದ ಚುಕ್ಕೆಯನ್ನು ನಿಲ್ಲಿಸಿ ವಾಪಸು ತಿರುಗಿಸುವುದು ಎರಡನೇ ವಾರದ ಪಾಠ. ಆ ಹೊತ್ತಿಗೆ ಅವರು ಯಾವಾಗಲೂ ಬೇರೊಂದು ಕೋಣೆಯ ಮೇಜಿನಡಿ ಇರುತ್ತಾರೆ.

"ಈ ಸಲ ಆ ಪಾಠಕ್ಕೆ ಕೂರೋಕೆ ಒಂದು ಗಂಟೆ ಬಿಡುವು ಕೇಳಿದೀನಿ. ಕುರ್ಚಿ ಇಲ್ಲ ಅಂದ್ರು. ಸ್ಟೂಲ್ ಇದೆಯಲ್ಲ ಅಂದೆ" ಎನ್ನುತ್ತಾರೆ, ಕೆಂಪು ದಾರದ ಕೇಬಲ್ಲುಗಳನ್ನು ಒಂದೊಂದಾಗಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಾ. "ನಂಗೇನು ದೊಡ್ಡ ಆಟ ಬರೀಬೇಕು ಅಂತಿಲ್ಲ. ಅಮ್ಮ ದಿನಾ ಸಂಜೆ ಕೇಳ್ತಾಳೆ, ನನ್ನ ಗುಂಡಿ ಬಂತಾ ಅಂತ. ಅದೊಂದನ್ನ ವಾಪಸ್ ಕರ್ಕೊಂಡು ಬರ್ಬೇಕು."