ಖಾರ ಎಣ್ಣೆಯಲ್ಲಿ ತೆಗೆದ ಅಚ್ಚು

ಅಕ್ಕ ಹೋದ ಮೇಲೆ ಅವಳ ಮನೆಯಲ್ಲಿ ಅವಳದೆಂದು ಉಳಿದದ್ದು ಒಂದು ಬುಟ್ಟಿ ಖಡಕ್ ರೊಟ್ಟಿ. ಸೀರೆ, ಬಳೆ, ಪಾತ್ರೆಗಳೂ ಇದ್ದವು, ಆದರೆ ಅವೆಲ್ಲ ಅಂಗಡಿಯಿಂದ ಬಂದವು. ರೊಟ್ಟಿ ಮಾತ್ರ ಅವಳ ಕೈಯಿಂದ ಬಂದದ್ದು. ಅದರಲ್ಲಿ ಒಂದೇ ಒಂದು ನನಗೆ ಬೇಕಾಗಿತ್ತು. ತಿನ್ನಲು ಅಲ್ಲ, ಅಚ್ಚು ತೆಗೆಯಲು.

ಅಕ್ಕ ಬಸವನ ಬಾಗೇವಾಡಿಯಲ್ಲಿ ರೊಟ್ಟಿ ಮಾಡಿ ಮಾರುತ್ತಿದ್ದಳು. ಜೋಳದ ರೊಟ್ಟಿಯನ್ನು ತಟ್ಟಿ, ಬೇಯಿಸಿ, ಒಲೆಯ ಮಗ್ಗುಲಿಗೆ ನಿಲ್ಲಿಸಿ ಒಣಗಿಸಿದರೆ ಹಪ್ಪಳದ ಹಾಗೆ ಗರಿಗರಿಯಾಗಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಮದುವೆ ಮನೆಯವರು, ಖಾನಾವಳಿಯವರು ಬಂದು ಒಯ್ಯುತ್ತಿದ್ದರು. ಚಿಕ್ಕವಳಿದ್ದಾಗ ಬಾಗಿಲ ಸಂದಿಗೆ ಸಿಕ್ಕು ಅವಳ ಬಲಗೈಯ ಉಂಗುರದ ಬೆರಳು ಸೊಟ್ಟಗಾಗಿತ್ತು, ಮತ್ತೆ ನೆಟ್ಟಗಾಗಲಿಲ್ಲ. ತಟ್ಟುವಾಗ ಉಳಿದ ಮೂರು ಬೆರಳು ಉದ್ದಕ್ಕೆ ಬೀಳುತ್ತಿದ್ದವು, ಆ ಒಂದರ ತುದಿ ಮಾತ್ರ ಚುಕ್ಕಿಯಂತೆ ತಾಗುತ್ತಿತ್ತು. ಆದರೂ ಅವಳಷ್ಟು ತೆಳ್ಳಗೆ ತಟ್ಟುವವರು ಆ ಓಣಿಯಲ್ಲಿ ಯಾರೂ ಇರಲಿಲ್ಲ.

ಅವಳ ತಂಗಿಯಾದ ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಜೆಲ್ ಪ್ಲೇಟಿನ ಅಚ್ಚು ಕಲಿತದ್ದು ಮೊಬೈಲಿನ ವಿಡಿಯೋ ನೋಡಿ. ಜೆಲಾಟಿನ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ತಟ್ಟೆಗೆ ಸುರಿದು ತಣ್ಣಗಾಗಲು ಬಿಟ್ಟರೆ ಮೆತ್ತನೆಯ ಬಿಲ್ಲೆಯೊಂದು ಹೆಪ್ಪುಗಟ್ಟುತ್ತದೆ. ಅದರ ಮೇಲೆ ರೋಲರಿನಿಂದ ಬಣ್ಣ ಹರಡಿ, ಎಲೆಯನ್ನೋ ಬಟ್ಟೆಯನ್ನೋ ಒತ್ತಿ ತೆಗೆದು, ಮೇಲೆ ಕಾಗದ ಹಾಕಿ ಸವರಿದರೆ ಅಚ್ಚು ಏಳುತ್ತದೆ. ಇದರ ತಮಾಷೆ ಏನೆಂದರೆ, ವಸ್ತು ತಾಗಿದ ಕಡೆಯ ಬಣ್ಣವನ್ನು ಆ ವಸ್ತುವೇ ಒಯ್ದುಬಿಡುತ್ತದೆ. ಅದು ತಾಗದೆ ಬಿಟ್ಟ ತಗ್ಗುಗಳಷ್ಟೇ ಕಾಗದಕ್ಕೆ ಬರುತ್ತವೆ, ಬರಿಗಣ್ಣಿಗೆ ಕಾಣದ ತಗ್ಗು ಕೂಡ. ತೊಗರಿಯ ಎಲೆ, ಗೋಣಿಚೀಲ, ಇಳಕಲ್ ಸೆರಗು, ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿ ನೋಡಿದೆ. ಅಚ್ಚಿನ ಮೇಲೆ ಬಸ್ ಟಿಕೆಟ್ ಅಂಟಿಸಿದೆ, ಚಹಾದ ಕಲೆ ಬಿಟ್ಟೆ, ಸೂಜಿ ದಾರ ಹಿಡಿದು ಹೊಲಿದೆ.

ಮೊದಲ ಪ್ಲೇಟನ್ನು ಬೇಸಿಗೆ ರಜೆಯಲ್ಲಿ ಅಕ್ಕನ ಫ್ರಿಜ್ಜಿನಲ್ಲಿಟ್ಟಿದ್ದೆ. ಹೊರಗಿಟ್ಟರೆ ನಮ್ಮ ಬಿಸಿಲಿಗೆ ಕರಗಿ ಸಾರಾಗುತ್ತಿತ್ತು.

"ಏನಿದು, ಹಲ್ವಾ ಮಾಡೀದೇನ?" ಎಂದಳು.

ಜೆಲಾಟಿನ್ ಎಂದೆ. ಯಾವುದರಿಂದ ಮಾಡುತ್ತಾರೆ ಎಂದಳು. ದನದ ಎಲುಬಿನಿಂದ ಎಂದು ನಾನು ಪಾಠ ಹೇಳಿದಂತೆ ಹೇಳಿಬಿಟ್ಟೆ.

"ಲಿಂಗಾ ಕಟಗೊಂಡಾಕಿ ಮನ್ಯಾಗ ಎಲಬ ತಂದಿಟ್ಟೀಯಲ್ಲ, ನಿನ್ನ ಬುದ್ಧಿಗಿ ಏನ ಹೇಳಲಿ! ಎತ್ತ ಮೊದಲ ಹೊರಗ!"

ಫ್ರಿಜ್ಜನ್ನು ಬಿಸಿನೀರು ಹಾಕಿ ತೊಳೆದಳು. ಆಮೇಲೆ ತಾನೇ ಕಿರಾಣಿ ಅಂಗಡಿಗೆ ಹೋಗಿ, ಎಲುಬಿಲ್ಲದೆ ಹೆಪ್ಪುಗಟ್ಟುವಂಥದ್ದು ಏನಿದೆ ಎಂದು ವಿಚಾರಿಸಿ, ಫಾಲೂದಾಕ್ಕೆ ಹಾಕುವ ಚೈನಾ ಗ್ರಾಸ್ ತಂದುಕೊಟ್ಟಳು. ಅದು ಕಡಲ ಪಾಚಿಯದು. ಪ್ಲೇಟೇನೋ ಆಯಿತು, ನಾಲ್ಕಾರು ಅಚ್ಚಿಗೆ ಬಿರಿಯುತ್ತಿತ್ತು. ನಾನು ಮತ್ತೆ ಕಾಯಿಸಿ ಸುರಿಯುತ್ತಿದ್ದರೆ ಅಕ್ಕ ನಗುತ್ತಿದ್ದಳು.

"ಕೈ ಕೆಸರಾದ್ರ ಬಾಯಿ ಮೊಸರ ಅಂತಾರ. ನಿನ್ನ ಕೈ ಬರೇ ಕೆಸರಾಗೂದ ನೋಡಾಕತ್ತೇನಿ, ಮೊಸರ ಒಂದಿನಾನೂ ಕಾಣಲಿಲ್ಲ."

ಅದರ ಮುಂದಿನ ವರ್ಷ ಅವಳಿಗೆ ಹೊಟ್ಟೆಯ ಬೇನೆ ಬಂತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ ನಾನು ರಜೆ ಹಾಕಿ ಅವಳ ಬಳಿ ಇದ್ದೆ. ಸಾಯುವ ಹೊತ್ತಿಗೂ ಅವಳಿಗೆ ರೊಟ್ಟಿಯದೇ ಚಿಂತೆ. ತಾನಿಲ್ಲದಾಗ ಗಂಡ ಏನು ತಿಂದಾರು ಎಂದು ದಿನಕ್ಕೆ ಒಂದೆರಡಾದರೂ ತಟ್ಟಿ ಬುಟ್ಟಿಗೆ ಹಾಕುತ್ತಿದ್ದಳು. ಒಂದು ದಿನ ಕೈ ಮೇಲೇಳಲಿಲ್ಲ. ಅವಳನ್ನು ಗೋಡೆಗೆ ಒರಗಿಸಿ ಕೂಡಿಸಿ ನಾನೇ ತಟ್ಟಿದೆ.

"ಭಾಳ ದಪ್ಪ ಆದ್ವು. ಎತ್ತಿಗಿ ಹಾಕಿದ್ರೂ ಮೂಸಿ ಬಿಡತಾವ," ಎಂದಳು. ಆಮೇಲೆ, "ನನ್ನ ರೊಟ್ಟಿ ಜೋಡಿನ ಕೂಡಿಸಿ ಇಡು. ನಿಮ್ಮ ಮಾಮಾಗ ಹೇಳಬ್ಯಾಡ. ನನ್ನ ಕೈ ನಿಂತಾವ ಅಂತ ಗೊತ್ತಾದ್ರ ಅವರು ಉಣ್ಣೂದ ಬಿಡತಾರ," ಎಂದಳು.

ಮಾಮಾ ಎಂದರೆ ಅವಳ ಗಂಡ. ಇಂಗಳೇಶ್ವರದ ಕಡೆ ಹೊಲ ಇರುವ, ಮಾತು ಕಡಿಮೆಯ ಮನುಷ್ಯ. ಅಕ್ಕನ ಮಾತಿನಂತೆ ನನ್ನ ರೊಟ್ಟಿಗಳನ್ನು ಅವಳವುಗಳ ನಡುವೆ ಮೇಲೆ ಕೆಳಗೆ ಮಾಡಿ ಇಟ್ಟೆ. ಸಂಜೆ ಹೊಲದಿಂದ ಬಂದ ಮಾಮಾ ಅವಳ ಎದುರೇ ಕೂತು ಎರಡು ಮುರಿದುಕೊಂಡು ಉಂಡರು. ಹಾಸಿಗೆಯಲ್ಲಿದ್ದ ಅಕ್ಕ ಅವರ ಬಾಯನ್ನೇ ನೋಡುತ್ತಿದ್ದಳು. ಕೊನೆಯ ವಾರವಿಡೀ ಹೀಗೇ ನಡೆಯಿತು.

ಕಾರ್ಯಗಳೆಲ್ಲ ಮುಗಿದು ನೆಂಟರು ಚದುರಿದ ಮೇಲೆ ನಾನು ಮಾಮಾನನ್ನು ಒಂದು ರೊಟ್ಟಿ ಕೇಳಿದೆ. ಅಕ್ಕನ ಸೀರೆಯ ತುಂಡುಗಳನ್ನು ಒಂದು ದೊಡ್ಡ ಹಾಳೆಗೆ ಹೊಲಿದು ನಡುವೆ ರೊಟ್ಟಿಯಷ್ಟು ಜಾಗ ಬಿಟ್ಟಿದ್ದೆ. ಅಲ್ಲಿ ಅವಳ ಬೆರಳಿನ ಅಚ್ಚು ಬರಬೇಕಿತ್ತು.

"ರೊಟ್ಟಿ ತಿನ್ನಾಕ ಮಾಡತಾರ, ಬಣ್ಣಾ ಬಳದು ಗ್ವಾಡಿಗಿ ಹಾಕಾಕಲ್ಲ," ಎಂದರು ಮಾಮಾ. "ನುಸಿ ಹತ್ತೂದ್ರಾಗ ತಿಂದು ಮುಗಸ್ರಿ ಅಂತ ಹೇಳಿ ಹೋಗ್ಯಾಳ ಆಕಿ."

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ತಿನ್ರಿ, ನೀವ ತಿನ್ರಿ ಎಂದು ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ದಾರಿಯುದ್ದಕ್ಕೂ ಅತ್ತೆ. ಈ ಮನುಷ್ಯ ನನ್ನ ಅಕ್ಕನನ್ನು ದಿನಕ್ಕಿಷ್ಟು ಎಂದು ತಿಂದು ಮುಗಿಸುತ್ತಿದ್ದಾನೆ ಎಂದೇ ಆಗ ನನಗೆ ಅನಿಸಿದ್ದು.

ಶಿವರಾತ್ರಿ ಕಳೆದ ಮೇಲೆ ಅವರೇ ಫೋನ್ ಮಾಡಿದರು. "ಆಕೀದೊಂದು ಉಳದೈತಿ, ಬಾ. ಆದ್ರ ಅಚ್ಚ ತಗದ ಮ್ಯಾಲ ಅದನ್ನ ತಿನ್ನೂವಂಗ ಇರಬೇಕ ನೋಡು."

ಚೈನಾ ಗ್ರಾಸ್ ಹೇಗೂ ತಿನ್ನುವ ಪದಾರ್ಥ. ಬಣ್ಣಕ್ಕೆ ಏನು ಮಾಡುವುದು? ಯೋಚಿಸುತ್ತ ಊಟಕ್ಕೆ ಕೂತಾಗ ತಟ್ಟೆಯಲ್ಲೇ ಉತ್ತರವಿತ್ತು. ನಾವು ಹುಟ್ಟಿದಾಗಿನಿಂದ ರೊಟ್ಟಿಗೆ ಸವರಿಕೊಂಡು ತಿನ್ನುವ ಕೆಂಪು ಖಾರ, ಶೇಂಗಾ ಎಣ್ಣೆ. ಖಾರದ ಪುಡಿಯನ್ನು ತೆಳುವಾದ ಮಲ್ ಬಟ್ಟೆಯಲ್ಲಿ ಸೋಸಿ ಎಣ್ಣೆಯಲ್ಲಿ ಕಲಸಿ, ಅಂಗಡಿಯ ರೊಟ್ಟಿಯ ಮೇಲೆ ಒಂದೆರಡು ಸಲ ಕೆಡಿಸಿ ಕಲಿತೆ. ರವಿವಾರ ಬಾಗೇವಾಡಿಯ ಬಸ್ಸು ಹತ್ತಿದೆ.

ಅಕ್ಕನ ಅಡುಗೆಮನೆಯಲ್ಲಿ, ಅವಳದೇ ತಟ್ಟೆಯಲ್ಲಿ ಪ್ಲೇಟ್ ಹೊಯ್ದೆ. ಅದು ಗಟ್ಟಿಯಾಗುವ ತನಕ ಮಾಮಾ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಖಾರ ಎಣ್ಣೆ ಹರಡಿದೆ. ಬೆಂಕಿಗೆ ಗುಳ್ಳೆ ಎದ್ದಿದ್ದ ಆ ರೊಟ್ಟಿಯನ್ನು ಬೋರಲು ಹಾಕಿ, ಮೇಲೆ ಬಟ್ಟೆ ಹೊದಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿದೆ. ಚಟ್ ಎಂದಿತು. ಬಟ್ಟೆ ಸರಿಸಿ ನೋಡಿದೆ. ಅಂಚು ಮಾತ್ರ ಮುರಿದಿತ್ತು.

ರೊಟ್ಟಿಯನ್ನು ಎತ್ತಿಟ್ಟು, ಕಾಗದ ಹಾಸಿ ಸವರಿ, ಮೂಲೆ ಹಿಡಿದು ಎಳೆದೆ. ಗುಳ್ಳೆಯಿದ್ದ ಕಡೆ ಬಿಳಿ, ಅವುಗಳ ನಡುವೆ ಬೆರಳು ಬಿದ್ದ ಕಡೆ ಕೆಂಪು. ಅಷ್ಟು ಚೆನ್ನಾದ ಅಚ್ಚು ನಾನು ಯಾವತ್ತೂ ತೆಗೆದಿರಲಿಲ್ಲ. ಒಂದು, ಎರಡು, ಮೂರು, ನಾಲ್ಕು. ನಾಲ್ಕೂ ಬೆರಳು ಉದ್ದಕ್ಕೆ ಇದ್ದವು. ಚುಕ್ಕಿಗಾಗಿ ಕಾಗದವನ್ನು ಬೆಳಕಿಗೆ ಹಿಡಿದು ಹುಡುಕಿದೆ. ಇರಲಿಲ್ಲ. ಅದು ನನ್ನ ಕೈ.

ಆದರೆ ಅಕ್ಕನಿಗೆ ಕೊಟ್ಟ ಮಾತು ಮಾತೇ.

"ಚಲೋ ಬಂದೈತಿ, ಮಾಮಾ," ಎಂದೆ.

ಮಾಮಾ ಕಾಗದ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ನಾಕೂ ನೆಟ್ಟಗ ಅದಾವಲ್ಲ," ಎಂದರು. ನಾನು ಪ್ಲೇಟ್ ಒರೆಸತೊಡಗಿದೆ.

"ನಂಗ ಗೊತ್ತಿತ್ತು ಯವ್ವಾ. ಆಕೀವು ತೆಳ್ಳಗ, ಬಾಯಾಗ ಇಡೂದ್ರಾಗ ಕರಗತಾವ. ಆಕೀವು ಯಾವಾಗೋ ಮುಗದ್ವು. ನೀ ಅವತ್ತ ಅಳಕೋತ ಹೋದಿ. ಕೊಡಬೇಕಿತ್ತು ಅನಸ್ತು. ನಿಂಗ ಗುರತ ಸಿಗೂದಿಲ್ಲ ಅಂತ ತಿಳಕೊಂಡು ಕರದೆ."

"ಯಾವಾಗಿಂದ ಗೊತ್ತಿತ್ತ್ರಿ?"

"ನೀ ತಟ್ಟಿದ ಮೊದಲನೇ ದಿನದಿಂದ. ಆಕಿ ಕೈ ನಿಂತಾವ ಅಂತ ಮೊದಲನೇ ತುತ್ತಿಗೇ ತಿಳೀತು. ಆಕಿ ನೋಡಾಕತ್ತಿದ್ಳಲ್ಲ, ಹೆಂಗ ಬಿಡ್ಲಿ? ಅದಕ್ಕ ಉಂಡೆ."

ನನಗೆ ತಡೆಯಲಾಗಲಿಲ್ಲ. ಅಕ್ಕ ಸತ್ತ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಅವಳು ಅವರಿಗಾಗಿ ಮುಚ್ಚಿಟ್ಟಳು, ಅವರು ಅವಳಿಗಾಗಿ ನುಂಗಿದರು. ನಡುವೆ ನಾನೊಬ್ಬಳು ಅಚ್ಚು ತೆಗೆಯಲು ಹೊರಟಿದ್ದೆ. ಅಕ್ಕನ ಕೈ ಎಲ್ಲೂ ಉಳಿಯಲಿಲ್ಲ, ಇನ್ನು ಸಿಗುವುದೂ ಇಲ್ಲ. ಹಾಳೆಯ ನಡುವಿನ ಜಾಗ ಇವತ್ತಿಗೂ ಹಾಗೆಯೇ ಇದೆ.

ಮಾಮಾ ಖಾರ ಹತ್ತಿದ ರೊಟ್ಟಿಯನ್ನು ಮುರಿದು ಅರ್ಧ ನನ್ನ ಕೈಗಿಟ್ಟರು. ಇಬ್ಬರೂ ಒಲೆಯ ಮುಂದೆ ಕೂತು ತಿಂದೆವು. ಅಕ್ಕ ಹೇಳಿದ್ದು ನಿಜ. ಬಹಳ ದಪ್ಪ ಇತ್ತು, ಬಹಳ ಹೊತ್ತು ಅಗಿಯಬೇಕಾಯಿತು.