ಚಂದ್ರಯ್ಯನವರ ಕಂಪ್ಯೂಟರಿನ ಕಾವಲು

ಸಾಗರದಲ್ಲಿ ನಮ್ಮ ನೆರೆಯವರಾಗಿದ್ದ ಚಂದ್ರಯ್ಯನವರು ಗಡಿಯಾರ ರಿಪೇರಿಗೆ ಕೊಟ್ಟರೂ ಅಂಗಡಿಯಲ್ಲೇ ಕುಳಿತು ಕಾಯುತ್ತಿದ್ದರು. ಒಳಗಿನ ಸಾಮಾನು ಬದಲಾಯಿಸಿಬಿಟ್ಟಾರೆಂಬ ಗುಮಾನಿ. ೧೯೮೮ರಲ್ಲಿ, ಟಿ.ವಿ.ಗೆ ಜೋಡಿಸುವ ಅವರ ಪುಟ್ಟ ಕಂಪ್ಯೂಟರ್ ಒಂದು ದಿನ ಶುರುವಾಗಲಿಲ್ಲ. ರೇಡಿಯೋ ರಿಪೇರಿಯ ಹರಿಹರ ಅದನ್ನು ಒಯ್ಯಲು ಬಂದ.

“ಇಲ್ಲೇ ನೋಡು ಮಾರಾಯ. ನಿನ್ನ ಅಂಗಡಿಗೆ ಹೋದ್ರೆ ಹೊಟ್ಟೆ ಖಾಲಿ ಮಾಡ್ಕೊಂಡು ಬರ್ತದೆ,” ಎಂದರು ಚಂದ್ರಯ್ಯನವರು.

ಹರಿಹರ ನಕ್ಕು, ಅಂಗಡಿಯಿಂದ ತನ್ನದೇ ಅಡಾಪ್ಟರ್ ತಂದು ಸಿಕ್ಕಿಸಿದ. ಟಿ.ವಿ.ಯಲ್ಲಿ ಅಕ್ಷರ ಮೂಡಿತು.

“ಕಂಪ್ಯೂಟರ್ ಸರಿ ಇದೆ, ನಿಮ್ಮ ಅಡಾಪ್ಟರ್ ಸುಟ್ಟಿದೆ. ಶಿವಮೊಗ್ಗದಿಂದ ಹೊಸದು ತರ್ತೀನಿ.”

“ಇದಕ್ಕೆ ಹೊಂದ್ತದೆ ಅಂತ ಏನು ಗ್ಯಾರಂಟಿ? ನಾನೂ ಬರ್ತೀನಿ, ಇದನ್ನೂ ತರ್ತೀನಿ.”

ಮರುದಿನ ಬಸ್ಸಿನಲ್ಲಿ ಕಂಪ್ಯೂಟರಿನ ಪೆಟ್ಟಿಗೆ ಅವರ ತೊಡೆಯ ಮೇಲಿತ್ತು. ಆನಂದಪುರ ದಾಟಿದ ಮೇಲೆ ತೂಕಡಿಕೆ ತಡೆಯಲಾರದೆ ಅದನ್ನು ಹರಿಹರನ ತೊಡೆಗೆ ದಾಟಿಸಿದರು; ಪೆಟ್ಟಿಗೆಗೆ ಕಟ್ಟಿದ್ದ ಹಗ್ಗದ ತುದಿಯನ್ನು ಮಾತ್ರ ತಮ್ಮ ಬೆರಳಿಗೆ ಸುತ್ತಿಕೊಂಡರು.