ತೆನೆ ಕಾಣದ ಹುಲ್ಲು

ನಿವೃತ್ತಿಯ ದಿನ ಕಾಲೇಜಿನವರು ಹೊದಿಸಿದ ಶಾಲು ಎಲ್ಲಿ ಹೋಯಿತೋ ಗೊತ್ತಿಲ್ಲ. ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದ ನನ್ನ ಜೇಬಿನಲ್ಲಿ ಅಂದಿನ ಭೂತಗನ್ನಡಿ ಮಾತ್ರ ಈಗಲೂ ಇದೆ. ಮಿತ್ರರೇ, ಅದರ ದೋಷವೆಂದರೆ, ಚಿಕ್ಕದನ್ನು ದೊಡ್ಡದಾಗಿ ತೋರಿಸುವ ಭರದಲ್ಲಿ ಹಿಡಿದವನಿಗೂ ತಾನು ದೊಡ್ಡವನೆಂಬ ಭ್ರಮೆ ಹುಟ್ಟಿಸುತ್ತದೆ.

ಹುಣಸಮಾರನಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಬಿಲ್ಡರ್ ಯಾವುದೋ 'ವಿದೇಶಿ ಅಲಂಕಾರದ ಹುಲ್ಲು' ಹಾಕಿಸಿದ್ದರು. ಅದಕ್ಕೊಂದು ಹೆಸರಿನ ಫಲಕ ಬರೆದುಕೊಡಿ ಎಂದು ಸಂಘದವರು ಕೇಳಿದಾಗ ಹಿಗ್ಗಿಹೋದೆ. ಜೋಳದ ಕುಲವೆಂಬುದೇನೋ ತಿಳಿಯಿತು. ಆದರೆ ಹೊಲದ ಜೋಳವೋ, ಅದರ ಕಾಡು ದಾಯಾದಿಯೋ? ಈ ಕುಲವನ್ನು ಒಬ್ಬ ಪಂಡಿತ ಹತ್ತಾರು ಪ್ರಭೇದಗಳಾಗಿ ಪಾಲು ಮಾಡಿಟ್ಟರೆ, ಇನ್ನೊಬ್ಬ ಬಂದು ಎಲ್ಲರನ್ನೂ ಮತ್ತೆ ಒಂದೇ ಮನೆಗೆ ತುಂಬುತ್ತಾನೆ. ತೆನೆ ನೋಡದೆ ತೀರ್ಪು ಕೊಡಲಾರೆನೆಂದೆ. ಮಾಲಿ ವಾರಕ್ಕೊಮ್ಮೆ ಕತ್ತರಿಸುತ್ತಿದ್ದುದರಿಂದ ತೆನೆ ಬರುವಂತಿರಲಿಲ್ಲ. ನನ್ನ ಗಾಂಭೀರ್ಯಕ್ಕೆ ಅದೂ ಅನುಕೂಲವೇ ಆಗಿತ್ತು.

ಹೀಗಿರುವಾಗ ಮೂರನೆಯ ಮಹಡಿಯಲ್ಲೊಂದು ಗೃಹಪ್ರವೇಶ. ಹಸು ತಂದವರು ಜಯಮ್ಮ. ಈ ಕಟ್ಟಡ ಎದ್ದಿರುವುದೇ ಅವರ ರಾಗಿ ಹೊಲದಲ್ಲಿ. ಫ್ಲಾಟಿಗೆ ಬಂದರೂ ಹಿತ್ತಲ ಶೆಡ್ಡಿನಲ್ಲಿ ಈ ಹಸು, ಗೌರಿಯನ್ನು ಸಾಕಿಕೊಂಡಿದ್ದಾರೆ. ಲಿಫ್ಟಿನಲ್ಲಿ ಹಸು ಹಿಡಿಸದೆಂದು ಗೋಪೂಜೆ ಅಂಗಳದಲ್ಲೇ ನಡೆಯುವುದಿತ್ತು. ಅರಿಶಿನ ಕುಂಕುಮ ತರಲು ಹೊರಟ ಜಯಮ್ಮ, ಹುಲ್ಲುಸೊಪ್ಪು ಬಲ್ಲವರೆಂದು ನಂಬಿ ಹಗ್ಗವನ್ನು ನನ್ನ ಕೈಗಿತ್ತರು. ಗೌರಿ ಹುಲ್ಲಿನತ್ತ ಬಗ್ಗಿದಳು. ನಾನೂ ಬಗ್ಗಿದೆ, ಭೂತಗನ್ನಡಿ ಹಿಡಿದು, ಎಲೆಯ ಬುಡದ ರೋಮ ಎಣಿಸುತ್ತಾ. ಹಗ್ಗ ಸಡಿಲವಾದದ್ದು ನನಗೆ ತಿಳಿಯಲೇ ಇಲ್ಲ.

ಓಡಿಬಂದ ಜಯಮ್ಮ ಹಗ್ಗ ಕಿತ್ತುಕೊಂಡು ಎಳೆದರು. "ಹುಲ್ಲಿನ ಎಸ್ರು ಆಮ್ಯಾಕೆ ನೋಡಾನ ಮೇಷ್ಟ್ರೇ. ಕುಯ್ದ ಜ್ವಾಳದ ಕೂಳೆ ಇದು. ಈ ಎಳೆ ಚಿಗುರು ತಿಂದ್ರೆ ದನ ಉಳಿಯಾಕಿಲ್ಲ."

ಗೌರಿಯ ಬಾಯಿಗೆ ಬೆರಳು ಹಾಕಿ ಎಸಳುಗಳನ್ನು ಹೊರಗೆಳೆದರು. ಆ ಚಿಗುರಿನ ವಿಷದ ರಾಸಾಯನಿಕ ಹೆಸರನ್ನು ನಾನು ಪ್ರತಿ ವರ್ಷ ಪರೀಕ್ಷೆಯಲ್ಲಿ ಕೇಳುತ್ತಿದ್ದೆ, ಎರಡು ಅಂಕ. ಎದುರಿಗೇ ಹಸು ಬಾಯಿ ಹಾಕಿದಾಗ ಅದು ನೆನಪಾಗಲಿಲ್ಲವಲ್ಲ ಎಂದು ನಾಚಿಕೆಯಾಯಿತು, ಭಯವೂ ಆಯಿತು. ಗೌರಿ ಮತ್ತೆ ಮೆಲುಕು ಹಾಕುವವರೆಗೂ ಶೆಡ್ಡಿನಲ್ಲಿ ಜಯಮ್ಮನ ಪಕ್ಕ ಕೂತಿದ್ದೆ.

ಮರುದಿನ ಫಲಕ ಬರೆದೆ. 'ದನ ಬಿಡಬೇಡಿ' ಎಂಬ ಜಯಮ್ಮನ ವರ್ಗೀಕರಣ ದಪ್ಪ ಅಕ್ಷರಗಳಲ್ಲಿ. ಲ್ಯಾಟಿನ್ ಹೆಸರು, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ, ತಳದಲ್ಲಿ ಇರುವೆ ಗಾತ್ರದಲ್ಲಿ. ಓದಬಯಸುವವರಿಗೆ ಕೊಡಲೆಂದು ಭೂತಗನ್ನಡಿ ಜೇಬಿನಲ್ಲೇ ಇದೆ. ಇದುವರೆಗೂ ಯಾರೂ ಕೇಳಿಲ್ಲ.